ಗುಂಡುಗಲ್ಲಿನಿಂದ ಗ್ರೈಂಡರ್‌ತನಕ: ನಮ್ಮ ಕಲ್ಲನ್ನ ಮಣಿಸಿದ ಐದು ಟೂಲ್

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ಹತ್ರ ಇರೋ ಟೂಲ್‌ಗಳಲ್ಲಿ ಒಂದನ್ನ ಮಾತ್ರ ಇಟ್ಕೊಂಡು ಉಳಿದದ್ದೆಲ್ಲ ಕೊಟ್ಟುಬಿಡ್ರಿ ಅಂದ್ರೆ, ಯಾವುದನ್ನ ಇಟ್ಕೋತೀರಿ?

ಕಪನೂರ ಕೈಗಾರಿಕಾ ಪ್ರದೇಶದಾಗ ಇದೇ ಪ್ರಶ್ನೆ ಕೇಳಿಕೋತ ಎರಡು ದಿನ ಓಡಾಡಿದೆ. ದಾಲ್ ಮಿಲ್ಲಿನ ಫಿಟ್ಟರ್ ಒಬ್ಬರು ತಡ ಮಾಡದೆ "ಪಾನಾ" ಅಂದ್ರು. ಎಲೆಕ್ಟ್ರಿಷಿಯನ್ ಜೇಬಿನಿಂದ ಟೆಸ್ಟರ್ ತೆಗೆದು ತೋರಿಸಿದ. ವೆಲ್ಡಿಂಗ್ ಹುಡುಗರು ಎಲ್ಲರೂ ಒಂದೇ ಮಾತು: "ಗ್ರೈಂಡರ್ ಬಿಟ್ರೆ ಕೆಲಸಾನೇ ಇಲ್ಲಣ್ಣ." ಒಬ್ಬ ಹಿರಿಯ ಗೌಂಡಿ ಕಾಕಾ ಮಾತ್ರ ನಕ್ಕು ಹೇಳಿದ್ರು: "ತಮ್ಮಾ, ಟೂಲ್ ಕೇಳಬ್ಯಾಡ. ಮೊದಲು ಕಲ್ಲು ಯಾವುದು ಅಂತ ಕೇಳು. ಕಲ್ಲು ಹೇಳ್ತದ, ಯಾವ ಟೂಲ್ ಬೇಕು ಅಂತ."

ಆ ಮಾತು ಹಿಡ್ಕೊಂಡೇ ಈ ಎಪಿಸೋಡ್ ಮಾಡೀನಿ. ನಮ್ಮ ಊರಿನ ಹೆಸರಲ್ಲೇ ಕಲ್ಲು ಅದ, ಕಲಬುರಗಿ. ಈ ನೆಲದ ಕಲ್ಲನ್ನ ಮನುಷ್ಯ ಯಾವ ಯಾವ ಟೂಲ್‌ನಿಂದ ಮಣಿಸಿದ, ಅದಕ್ಕೆ ಏನು ಬೆಲೆ ಕೊಟ್ಟ, ಇವತ್ತು ಆ ಬೆಲೆ ಯಾರು ಕೊಡ್ತಾ ಇದ್ದಾರೆ, ಇದೇ ಇವತ್ತಿನ ಕಥೆ. ಐದು ಟೂಲ್ ಆರಿಸೀನಿ. ಐದೂ ನನಗೆ ಇಷ್ಟದವೇ.

ಮೊದಲನೇದು: ಗುಂಡುಗಲ್ಲು

ಹೌದ್ರಿ, ಬರೀ ಒಂದು ಗುಂಡುಗಲ್ಲು. ಹುಣಸಗಿ ಹತ್ರ ಇಸಾಂಪುರ ಅಂತ ಒಂದು ಊರು ಅದ. ಈಗ ಯಾದಗಿರಿ ಜಿಲ್ಲೆ, 2009ರ ತನಕ ನಮ್ಮ ಜಿಲ್ಲೆನೇ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವ ವಿದ್ವಾಂಸ ಕೆ. ಪದ್ದಯ್ಯ ಹುಣಸಗಿ–ಬಾಚಿಬಾಳ ಕಣಿವೆಯಲ್ಲಿ ದಶಕಗಟ್ಟಲೆ ಕೆಲಸ ಮಾಡಿದರು. 1990ರ ದಶಕದ ಕೊನೆಯಲ್ಲಿ ಅವರ ತಂಡ ಇಸಾಂಪುರದಲ್ಲಿ ಅಗೆದಾಗ ಸಿಕ್ಕಿದ್ದು ಮನೆಯಲ್ಲ, ಗೋರಿಯಲ್ಲ. ಸಿಕ್ಕಿದ್ದು ಒಂದು ವರ್ಕ್‌ಶಾಪ್.

ಸುಣ್ಣದ ಕಲ್ಲಿನ ಹಾಸುಗಳು ಭೂಮಿಯಿಂದ ಮೇಲೆ ಎದ್ದ ಜಾಗ ಅದು. ಆದಿಮಾನವರು ಅಲ್ಲೇ ಕೂತು, ಬೇಕಾದಷ್ಟೇ ದಪ್ಪದ ಚಪ್ಪಡಿ ಆರಿಸಿ, ಬಸಾಲ್ಟ್ ಥರದ ಗಟ್ಟಿ ಗುಂಡುಗಲ್ಲಿನಿಂದ ಅಂಚು ಹೊಡೆದು, ಕೈಗೊಡಲಿ ಮತ್ತು ಸೀಳುಗತ್ತಿ ಮಾಡಿಕೊಂಡಿದ್ದರು. ಅರ್ಧ ಮಾಡಿ ಬಿಟ್ಟ ಕೊಡಲಿ, ಹೊಡೆದಾಗ ಸಿಡಿದ ಚೂರು, ಹೊಡೆಯೋ ಗುಂಡುಗಲ್ಲು ಎಲ್ಲ ಅಲ್ಲಲ್ಲೇ ಬಿದ್ದಿತ್ತು. ಅದರ ಕಾಲ ಸುಮಾರು 12 ಲಕ್ಷ ವರ್ಷ ಹಿಂದಿನದು ಅಂತ ಪರೀಕ್ಷೆಯಿಂದ ತಿಳಿದು ಬಂತು. ಭಾರತದಲ್ಲಿ ಗೊತ್ತಿರುವ ಅತಿ ಹಳೆಯ ಶಿಲಾಯುಗದ ನೆಲೆಗಳಲ್ಲಿ ಇದೂ ಒಂದು.

ಇದರಾಗ ನನಗೆ ಹಿಡಿಸಿದ್ದು ವಯಸ್ಸಲ್ಲ, ಬುದ್ಧಿ. ಚಪ್ಪಡಿ ಮೊದಲೇ ತೆಳ್ಳಗೆ ಪದರಪದರಾಗಿ ಇರೋದರಿಂದ ಅರ್ಧ ಕೆಲಸ ಪ್ರಕೃತಿಯೇ ಮಾಡಿಟ್ಟಿತ್ತು. ಅದನ್ನ ನೋಡಿ ಆರಿಸೋದೇ ಮೊದಲ ಕಸುಬು. ಇವತ್ತಿಗೂ ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಖಣಿಯಾಗ ಹೋಗಿ ನೋಡ್ರಿ. ಕಲ್ಲು ಹಾಸುಹಾಸಾಗಿ ಮಲಗಿರ್ತದ. ಸಂದಿಗೆ ಹಾರೆ ಹಾಕಿ ಎಬ್ಬಿಸ್ತಾರೆ. ಯಾವ ಪದರ ಏಳ್ತದ, ಯಾವುದು ಒಡೀತದ ಅನ್ನೋದನ್ನ ಬಡಿದು, ಶಬ್ದ ಕೇಳಿ ಹೇಳ್ತಾರೆ. ಗೌಂಡಿ ಕಾಕಾ ಹೇಳಿದ ಮಾತು 12 ಲಕ್ಷ ವರ್ಷ ಹಳೇದು ಅಂದಂಗಾಯ್ತು.

ಎರಡನೇದು: ಚಾಣ

ಕಬ್ಬಿಣ ಬಂದ ಮೇಲೆ ಆಟ ಬದಲಾಯ್ತು. ಗುಂಡುಗಲ್ಲು ಒಡೀತದ, ಚಾಣ ಬರೀತದ. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿ ಅದ.

ಚಿತ್ತಾಪುರ ತಾಲ್ಲೂಕಿನ ಸನ್ನತಿ, ಭೀಮಾ ನದಿ ದಂಡೆ. ಪಕ್ಕದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 1990ರ ದಶಕದಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪ ಹೊರಬಂತು. ಶಾಸನಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ. ಸುತ್ತಲೂ ಹೊದಿಸಿದ ಚಪ್ಪಡಿಗಳು ಇಲ್ಲಿನ ಸುಣ್ಣದ ಕಲ್ಲಿನವು. ಅವುಗಳ ಮೇಲೆ ಜಾತಕ ಕಥೆ, ರಾಜರು, ಆನೆ, ಮರ, ಜನ. ಒಂದು ಚಪ್ಪಡಿಯಲ್ಲಿ ರಾಣಿ, ಪರಿಚಾರಿಕೆಯರ ನಡುವೆ ನಿಂತ ರಾಜ. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ 'ರಾಜ ಅಶೋಕ' ಅನ್ನೋ ಅರ್ಥದಲ್ಲಿ ಕೊರೆದಿದೆ. ಅಶೋಕನ ಚಿತ್ರಕ್ಕೆ ಅಶೋಕನದೇ ಹೆಸರು.

ಸುಣ್ಣದ ಕಲ್ಲು ಗ್ರಾನೈಟಿನಷ್ಟು ಗಟ್ಟಿ ಅಲ್ಲ, ಕಣ ಸಣ್ಣದು. ಅದಕ್ಕೇ ಬೆರಳಿನ ಉಗುರು, ಸೀರೆಯ ನೆರಿಗೆ ಇವನ್ನೆಲ್ಲ ಅದರ ಮೇಲೆ ಬಿಡಿಸಬಹುದು. ಆದರೆ ಅದು ಪದರದ ಕಲ್ಲು. ಚಾಣದ ಮೊನೆ ಸ್ವಲ್ಪ ತಪ್ಪು ಕೋನದಾಗ ಬಿದ್ದರೆ ಇಡೀ ಪದರ ಎದ್ದು ಹೋಗ್ತದ. ಹಾಗಾಗಿ ಚಾಣ ಒಂದೇ ಸಾಲದು: ದಪ್ಪಗೆ ತೆಗೆಯೋಕೆ ಮೊನಚು ಚಾಣ, ಸಮ ಮಾಡೋಕೆ ಚಪ್ಪಟೆ ಚಾಣ. ದಿನಾ ಮೊನೆ ಮೊಂಡಾಗ್ತದ, ದಿನಾ ಕುಲುಮೆಗೆ ಹೋಗಬೇಕು. ಕಲ್ಲುಕುಟಿಗರ ಪಕ್ಕದಲ್ಲಿ ಒಬ್ಬ ಕಮ್ಮಾರ ಇರಲೇಬೇಕು. ಸ್ತೂಪದ ಮೇಲೆ ಅವನ ಕೆತ್ತನೆ ಒಂದೂ ಇರೋದಿಲ್ಲ. ಆದ್ರೆ ಅವನು ಕಾಯಿಸಿ ಬಡಿಯದೆ ಒಂದು ಗೆರೆನೂ ಮೂಡೋದಿಲ್ಲ.

ಚಾಣ ಬರೀತದ ಅಂದೆ. ಅಳಿಸೋದೂ ಅದೇ. 1986ರಲ್ಲಿ ಸನ್ನತಿಯ ಚಂದ್ರಲಾಂಬ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಕಲ್ಲು ಸರಿಸಿದಾಗ ದೇವಿಯ ಪೀಠವಾಗಿದ್ದ ಚಪ್ಪಡಿ ಮೇಲೆ ಅಶೋಕನ ಶಾಸನ ಕಂಡಿತು. ಮೂರ್ತಿ ಕೂರಿಸೋಕೆ ಯಾವನೋ ಕುಶಲಕರ್ಮಿ ಅದರ ನಡುವೆ ಚೌಕಾಗಿ ತೂತು ಕೊರೆದಿದ್ದ. ಅಷ್ಟು ಅಕ್ಷರ ಹೋದವು. ಅವನಿಗೆ ಅದು ಬರೀ ಒಳ್ಳೆ ಅಳತೆಯ ಕಲ್ಲು. ಅವನ ಮೇಲೆ ನನಗೆ ಸಿಟ್ಟಿಲ್ಲ. ಅಳಿಸಿದ ಚಾಣದ ಕೆಲಸಾನೂ ಇತಿಹಾಸವೇ.

ಮೂರನೇದು: ಗುನಿಯಾ

ಈ ಟೂಲ್ ಹೊಡೆಯೋದಿಲ್ಲ, ಕೊರೆಯೋದಿಲ್ಲ. ಮೂಲೆ ಸರಿ ಅದ ಇಲ್ಲ ಅಂತ ಮಾತ್ರ ಹೇಳ್ತದ. ಇಂಗ್ಲಿಷ್ ಎಲ್ ಅಕ್ಷರದ ಆಕಾರ, 90 ಡಿಗ್ರಿ. ಅದರ ಹೆಸರಿನ ಪ್ರಯಾಣ ಕೇಳ್ರಿ. ಗ್ರೀಕ್ ಭಾಷೆಯಲ್ಲಿ ಕೋನಕ್ಕೆ 'ಗೋನಿಯಾ'. ಅಲ್ಲಿಂದ ಫಾರ್ಸಿಗೆ 'ಗೂನಿಯಾ'. ಅಲ್ಲಿಂದ ಉರ್ದುವಿಗೆ, ಮರಾಠಿಗೆ, ನಮ್ಮ ಗೌಂಡಿಗಳ ಬಾಯಿಗೆ. ಶಾಲೆಯಲ್ಲಿ ಕಲಿತ ಟ್ರಿಗೊನೋಮೆಟ್ರಿ ಒಳಗೂ ಅದೇ 'ಗೋನಿಯಾ' ಕೂತಿದೆ. ಗಣಿತದ ಮೇಷ್ಟ್ರು ಮತ್ತು ಗೌಂಡಿ ಕಾಕಾ ಒಂದೇ ಶಬ್ದದ ಎರಡು ತುದಿ ಹಿಡ್ಕೊಂಡವರು.

ನಮ್ಮ ಟೂಲ್‌ಬಾಕ್ಸ್ ತುಂಬ ಇಂಥ ಶಬ್ದಗಳೇ. ರಂದ ಫಾರ್ಸಿ. ಪೇಚಕಸ್ ಅಂದ್ರೆ 'ಪೇಚ್' ತಿರುವು, 'ಕಶ್' ಎಳೆಯೋದು. ಗಿರ್ಮಿಟ್ ಅಂದ ಕೂಡಲೇ ನಮಗೆ ಮಂಡಕ್ಕಿ ನೆನಪಾಗ್ತದ. ಮರಾಠಿ ಬಡಗಿಗೆ ಅದು ತೂತು ಕೊರೆಯೋ ಸಲಕರಣೆ, ಇಂಗ್ಲಿಷಿನ ಗಿಮ್ಲೆಟ್‌ನಿಂದ ಬಂದದ್ದು. ನೆಲಕ್ಕೆ ಹಾಸೋ ಕಲ್ಲಿಗೆ ಫರಶಿ ಅಂತೀವಿ, ಅದೂ ಫಾರ್ಸಿಯ 'ಫರ್ಶ್'. 1347ರಲ್ಲಿ ಬಹಮನಿ ರಾಜ್ಯ ಇಲ್ಲಿ ರಾಜಧಾನಿ ಮಾಡಿಕೊಂಡಿತು. ಅಲ್ಲಿಂದ 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯೋ ತನಕ ಲೆಕ್ಕ ಹಾಕಿದರೆ 600 ವರ್ಷ. ದರ್ಬಾರಿನ ಫಾರ್ಸಿ, ಉರ್ದು ಶಬ್ದಗಳು ಕಾಗದಪತ್ರದಲ್ಲಿ ಉಳಿದದ್ದಕ್ಕಿಂತ ಜೋರಾಗಿ ಬಡಗಿ, ಗೌಂಡಿಗಳ ಚೀಲದಲ್ಲಿ ಉಳಿದಿವೆ. ಕೋಟೆಯೊಳಗಿನ ಜಾಮಿ ಮಸೀದಿ 1367ರದ್ದು. ಅಂಗಳ ತೆರೆದಿಡದೆ ಇಡೀ ಕಟ್ಟಡಕ್ಕೆ ಗುಮ್ಮಟ, ಕಮಾನು ಮುಚ್ಚಿದ ಅಪರೂಪದ ಮಸೀದಿ. ಒಳಗೆ ನಿಂತು ಕಮಾನುಗಳ ಸಾಲು ನೋಡಿದರೆ, ಅಳತೆಯ ಟೂಲ್ ಇಲ್ಲದೆ ಇದು ಏಳೋದು ಸಾಧ್ಯವೇ ಇಲ್ಲ ಅಂತ ಯಾರಿಗಾದರೂ ಅನಿಸ್ತದ.

ಹಾಗಂತ ಹಳೇ ಕನ್ನಡ ಹೆಸರುಗಳು ಹೋಗಿಲ್ಲ. ಬೈರಿಗೆ, ಉಳಿ, ಗರಗಸ, ಬಾಚಿ. ಬಾಚಿ ಅಂದ ಮೇಲೆ ಒಬ್ಬರ ಹೆಸರು ಹೇಳಲೇಬೇಕು. ಕಪನೂರ ದಾಟಿ ಹುಮನಾಬಾದ್ ರಸ್ತೆ ಹಿಡಿದರೆ ಕಮಲಾಪುರ, ಕೆಂಪು ಬಾಳೆಹಣ್ಣಿನ ಊರು. ಇನ್ನೂ ಮುಂದೆ ಹೋದರೆ ಬಸವಕಲ್ಯಾಣ. 12ನೇ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಣ್ಣ ಅಂತ ಒಬ್ಬರು ವಚನಕಾರರು, ಬಡಗಿ. ಅವರ ಹೆಂಡತಿ ಕಾಳವ್ವೆಯೂ ವಚನಕಾರ್ತಿ. ಕೈಯಾಗಿನ ಟೂಲೇ ಹೆಸರಿನ ಭಾಗ ಆದದ್ದು. ವಿಸಿಟಿಂಗ್ ಕಾರ್ಡಿನ ಮೇಲೆ ಹುದ್ದೆ ಬರೆಸೋ ಈ ಕಾಲದಾಗ, ಬಾಚಿಯನ್ನ ಹೆಸರಿಗೆ ಸೇರಿಸಿಕೊಂಡು ತಲೆ ಎತ್ತಿ ನಿಂತ ಆ ಧೈರ್ಯ ನನಗೆ ದೊಡ್ಡದು ಅನಿಸ್ತದ.

ನಾಲ್ಕನೇದು: ಎಮರಿ

ಈಗ ಮತ್ತೆ ಕಪನೂರಿಗೆ ಬರೋಣ. ತೊಗರಿ ನಮ್ಮ ಜೀವ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಬಂತು. ತೊಗರಿಯ ಸಿಪ್ಪೆ ಕಾಳಿಗೆ ಅಂಟಿಕೊಂಡೇ ಇರ್ತದ, ಕಡಲೆ ಥರ ಸುಮ್ಮನೆ ಬಿಡೋದಿಲ್ಲ. ಹಿಂದೆ ಮನೆಯಲ್ಲಿ ನೆನೆಸಿ, ಒಣಗಿಸಿ, ಬೀಸುಕಲ್ಲಿಗೆ ಹಾಕೋರು. ಬೀಸಿಬೀಸಿ ಕಲ್ಲು ನುಣ್ಣಗಾದರೆ ಚಾಣ ಹಿಡಿದು ಮತ್ತೆ ಒರಟು ಮಾಡೋರು ಓಣಿಗೆ ಬರ್ತಿದ್ದರು. ಮಿಲ್ಲಿನಲ್ಲಿ ಆ ಕೆಲಸ ಮಾಡೋದು ಎಮರಿ ರೋಲರ್. ಒರಟು ಕಣ ಮೆತ್ತಿದ ಉರುಳೆ. ಕಾಳು ಅದಕ್ಕೆ ಉಜ್ಜಿಕೊಂಡು ಹೋಗ್ತದ, ಸಿಪ್ಪೆ ಸುಲೀತದ.

ಆ ಒರಟು ಕಣದ ಕಥೆ ದೊಡ್ಡದು. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಕೃತಕ ವಜ್ರ ಮಾಡೋಕೆ ಹೊರಟು, ಜೇಡಿ ಮತ್ತು ಕೋಕ್ ಪುಡಿಗೆ ಕರೆಂಟ್ ಹರಿಸಿದ. ವಜ್ರ ಬರಲಿಲ್ಲ, ವಜ್ರಕ್ಕಿಂತ ಸ್ವಲ್ಪ ಕಡಿಮೆ ಗಟ್ಟಿಯ ಸಿಲಿಕಾನ್ ಕಾರ್ಬೈಡ್ ಬಂತು. ಅದಕ್ಕೆ ಕಾರ್ಬೊರಂಡಮ್ ಅಂತ ಹೆಸರಿಟ್ಟ. ಭಾರತದಲ್ಲಿ 1954ರಲ್ಲಿ ಮದ್ರಾಸಿನ ಮುರುಗಪ್ಪ ಮನೆತನ ವಿದೇಶಿ ಕಂಪನಿಗಳ ಜೊತೆ ಸೇರಿ ಕಾರ್ಬೊರಂಡಮ್ ಯೂನಿವರ್ಸಲ್ ಶುರು ಮಾಡಿತು. ಉಜ್ಜೋ ಕಾಗದ, ಸಾಣೆ ಚಕ್ರ, ಪಾಲಿಶ್ ಕಲ್ಲು ಎಲ್ಲ ಇದೇ ಕುಟುಂಬ.

ಶಹಾಬಾದ್ ಕಲ್ಲಿಗೂ ಇದೇ ಹೊಳಪು ಕೊಟ್ಟಿತು. 1871ರಲ್ಲಿ ಮುಂಬೈ ಕಡೆಯ ರೈಲು ಹಳಿ ರಾಯಚೂರಿನಲ್ಲಿ ಮದ್ರಾಸ್ ಹಳಿಯನ್ನ ಸೇರಿತು. ಆ ಹಾದಿಯಲ್ಲೇ ಶಹಾಬಾದ್ ಸ್ಟೇಷನ್. ಪುಣೆ, ಮುಂಬೈನ ಹಳೇ ಮನೆಗಳಲ್ಲಿ ಕೇಳ್ರಿ, ಅವರಿಗೆ ಊರು ಗೊತ್ತಿರೋದಿಲ್ಲ, 'ಶಹಾಬಾದಿ ಫರಶಿ' ಗೊತ್ತಿರ್ತದ. ಒರಟು ಫರಶಿ ಚಾಣದಿಂದ ಚೌಕ ಮಾಡಿ ಮಾರ್ತಿದ್ದರು. ಪಾಲಿಶ್ ಮಷಿನ್ ಬಂದ ಮೇಲೆ ಅದೇ ಕಲ್ಲು ಕನ್ನಡಿ ಆಯ್ತು, ಅದಕ್ಕೆ ಬೆಲೆನೂ ಏರಿತು.

ಐದನೇದು: ಗ್ರೈಂಡರ್

ಕೈಯಾಗ ಹಿಡಿಯೋ ಕರೆಂಟಿನ ಟೂಲ್ ಶುರು ಆದದ್ದು ಡ್ರಿಲ್‌ನಿಂದ. 1889ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಆರ್ನಾಟ್ ಮತ್ತು ಬ್ರೇನ್ ಅನ್ನೋ ಇಬ್ಬರು ಕರೆಂಟಿನ ಡ್ರಿಲ್‌ಗೆ ಪೇಟೆಂಟ್ ತಗೊಂಡರು. 1895ರಲ್ಲಿ ಜರ್ಮನಿಯ ಫೈನ್ ಕಂಪನಿ ಕೈಯಲ್ಲಿ ಒಯ್ಯಬಹುದಾದ್ದು ಮಾಡಿತು. 1917ರಲ್ಲಿ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಪಿಸ್ತೂಲಿನ ಹಿಡಿ, ಟ್ರಿಗರ್ ಇರೋ ಡ್ರಿಲ್‌ಗೆ ಪೇಟೆಂಟ್ ಪಡೆಯಿತು. ಇವತ್ತಿಗೂ ಡ್ರಿಲ್ ಆಕಾರ ಅದೇ. ಗೋಡೆ ತೂತಿಗೆ ಹಾಕೋ 'ರಾವಲ್ ಪ್ಲಗ್' ಇದ್ಯಲ್ರಿ, ಅದು ಲಂಡನ್ನಿನ ಜಾನ್ ರಾಲಿಂಗ್ಸ್ ಅನ್ನೋನ ಹೆಸರು. 1911ರ ಹೊತ್ತಿಗೆ ಬ್ರಿಟಿಷ್ ಮ್ಯೂಸಿಯಂ ಗೋಡೆ ಕೆಡಿಸದೆ ವೈರಿಂಗ್ ಕೂರಿಸಬೇಕಾಗಿತ್ತು, ಅದಕ್ಕೆ ಮಾಡಿದ ಉಪಾಯ. ನಮ್ಮ ಮನೆಯಾಗ ಕ್ಯಾಲೆಂಡರ್ ತೂಗಾಡೋದೂ ಅವನ ಮೇಲೇ.

ಗ್ರೈಂಡರ್ ಬಂದದ್ದು 1954ರಲ್ಲಿ, ಜರ್ಮನಿಯ ಫ್ಲೆಕ್ಸ್ ಕಂಪನಿಯಿಂದ. ಜರ್ಮನಿಯಲ್ಲಿ ಇವತ್ತಿಗೂ ಯಾರು ಮಾಡಿದ ಗ್ರೈಂಡರ್ ಆದ್ರೂ ಅದಕ್ಕೆ 'ಫ್ಲೆಕ್ಸ್' ಅಂತಾರೆ. ನೋಡ್ರಿ, ನಾಲ್ಕೂ ಟೂಲ್ ಇದೊಂದರಾಗ ಸೇರಿವೆ. ಡಿಸ್ಕ್ ಬದಲಿಸಿದರೆ ಕತ್ತರಿಸ್ತದ, ಉಜ್ಜತದ, ಹೊಳಪು ಕೊಡ್ತದ, ಡೈಮಂಡ್ ಬ್ಲೇಡ್ ಹಾಕಿದರೆ ಕೆತ್ತನೆನೂ ಮಾಡ್ತದ. ಒಬ್ಬ ಮನುಷ್ಯ, ಒಂದು ಪ್ಲಗ್ ಪಾಯಿಂಟ್ ಸಾಕು, ವರ್ಕ್‌ಶಾಪ್ ಆಯ್ತು.

ಅದರ ವೇಗದ ಲೆಕ್ಕ ಒಂದ್ಸಲ ಮಾಡಿ ನೋಡ್ರಿ. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ 11,000 ಸಲದ ಆಸುಪಾಸು ತಿರುಗ್ತದ. ಒಂದು ಸಲ ತಿರುಗಿದರೆ ಡಿಸ್ಕಿನ ಅಂಚು 31 ಸೆಂಟಿಮೀಟರ್ ಓಡ್ತದ. ಅಂದ್ರೆ ಗಂಟೆಗೆ 200 ಕಿಲೋಮೀಟರ್‌ಗೂ ಹೆಚ್ಚು. ಆ ವೇಗದ ಚೂರು ಸಿಡಿದರೆ ಹಿಡಿಯೋದು ಒಂದೇ, ಆ ಲೋಹದ ಗಾರ್ಡ್. ಅದನ್ನೇ ಬಿಚ್ಚಿ ಮೂಲೆಗೆ ಇಟ್ಟಿರ್ತಾರೆ. ಯಾಕಂದ್ರೆ ಗಾರ್ಡ್ ಬಿಚ್ಚಿದರೆ ದೊಡ್ಡ ಡಿಸ್ಕ್ ಹಿಡೀತದ. ದೊಡ್ಡ ಡಿಸ್ಕ್‌ಗಳನ್ನ ಕಡಿಮೆ ವೇಗಕ್ಕೆ ಮಾಡಿರ್ತಾರೆ, ಚಿಕ್ಕ ಮಷಿನ್ನಿನ ವೇಗಕ್ಕೆ ಅವು ಸಿಡೀತಾವ. ಡಿಸ್ಕಿನ ಮೇಲೆ ಗರಿಷ್ಠ ವೇಗ ಬರೆದಿರ್ತದ, ನಡುವಿನ ತಗಡಿನ ಬಳೆ ಮೇಲೆ ಅವಧಿ ಮುಗಿಯೋ ವರ್ಷಾನೂ ಇರ್ತದ. ಕೊಳ್ಳೋವಾಗ ಎರಡೂ ಓದ್ರಿ. ಕಟ್ಟಿಗೆ ಕೊಯ್ಯೋ ಹಲ್ಲಿನ ಬ್ಲೇಡ್ ಗ್ರೈಂಡರ್‌ಗೆ ಹಾಕಲೇಬ್ಯಾಡ್ರಿ.

ಆದ್ರೆ ಕಣ್ಣಿಗೆ ಕಾಣೋ ಅಪಾಯಕ್ಕಿಂತ ದೊಡ್ಡದು ಧೂಳು. ಚಾಣದ ಪೆಟ್ಟಿಗೆ ಬೀಳೋದು ಚೂರು, ಹೆಚ್ಚಿನದು ಕಾಲ ಬುಡದಲ್ಲೇ ಬೀಳ್ತದ. ಗ್ರೈಂಡರ್ ಅದೇ ಕಲ್ಲನ್ನ ಹಿಟ್ಟು ಮಾಡ್ತದ. ಅದರಾಗ ಕೂದಲಿನ ಹತ್ತನೇ ಒಂದು ಪಾಲಿಗಿಂತ ಸಣ್ಣ ಕಣ ಇರ್ತಾವ, ಅವು ಶ್ವಾಸಕೋಶದ ತಳಕ್ಕೆ ಹೋಗಿ ಕೂತುಬಿಡ್ತಾವ. ಅದು ಸಿಲಿಕಾ ಆಗಿದ್ದರೆ ಸಿಲಿಕೋಸಿಸ್ ಬರ್ತದ, ವಾಸಿ ಆಗೋ ರೋಗ ಅಲ್ಲ. ಸುಣ್ಣದ ಕಲ್ಲಿನಾಗ ಸಿಲಿಕಾ ಕಡಿಮೆ, ಈಗ ಮನೆಮನೆಗೆ ಹಾಕಿಸೋ ಗ್ರಾನೈಟಿನಾಗ ಬಹಳ. ಕೃತಕ ಕ್ವಾರ್ಟ್ಜ್ ಕಲ್ಲಿನಾಗ ಇನ್ನೂ ಹೆಚ್ಚು. ಆಸ್ಟ್ರೇಲಿಯಾ ಅದನ್ನ 2024ರ ಜುಲೈ 1ರಿಂದ ನಿಷೇಧವೇ ಮಾಡಿತು.

ಇಲ್ಲಿ ನನ್ನ ಬಿ.ಕಾಂ. ಬುದ್ಧಿ ಎದ್ದು ಕೂಡ್ತದ. 3,000 ರೂಪಾಯಿಯ ಗ್ರೈಂಡರ್ ತಗೊಳ್ರಿ. ಆದಾಯ ತೆರಿಗೆ ಲೆಕ್ಕದಾಗ ಮಷಿನ್‌ಗೆ ವರ್ಷಕ್ಕೆ 15% ಸವಕಳಿ. ಮೊದಲ ವರ್ಷ 450 ರೂಪಾಯಿ ಕಳೀರಿ, ಉಳಿದದ್ದು 2,550. ಹೀಗೇ ಹತ್ತು ವರ್ಷ ಹೋದರೆ ಪುಸ್ತಕದಾಗ ಅದರ ಬೆಲೆ 590 ರೂಪಾಯಿ ಆಸುಪಾಸು. ಮಷಿನ್ ಸವೆದದ್ದಕ್ಕೆ ಒಂದು ಕಾಲಂ ಅದ. ಅದನ್ನ ಹಿಡಿದವನ ಎದೆ ಸವೆದದ್ದಕ್ಕೆ ಯಾವ ಬ್ಯಾಲೆನ್ಸ್ ಶೀಟಿನಾಗೂ ಕಾಲಂ ಇಲ್ಲ. ಆ ಖರ್ಚು ಇಲ್ಲ ಅಂತಲ್ಲ. ಅದನ್ನ ಅವನ ಮನೆಯವರು ದವಾಖಾನೆ ಚೀಟಿಯಲ್ಲಿ ಕಟ್ತಾರೆ.

ಕಾನೂನು ಇಲ್ವಾ ಅಂದ್ರೆ, ಅದ. 1948ರ ಕಾರ್ಖಾನೆ ಕಾಯ್ದೆ ಸಿಲಿಕೋಸಿಸ್ ಅನ್ನ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಗೆ ಹಾಕಿತ್ತು. ಆದರೆ ಆ ಕಾಯ್ದೆಯ ಪ್ರಕಾರ ಕರೆಂಟ್ ಬಳಸೋ ಜಾಗ 'ಕಾರ್ಖಾನೆ' ಆಗಬೇಕಾದರೆ ಸಾಮಾನ್ಯವಾಗಿ 10 ಮಂದಿ ಇರಬೇಕಾಗಿತ್ತು. 2020ರ ಹೊಸ ಸಂಹಿತೆ ಅದನ್ನ 20ಕ್ಕೆ ಏರಿಸಿತು. ಈಗ ಮೇಲೆ ಹೇಳಿದ ಮಾತು ನೆನಪು ಮಾಡ್ಕೊಳ್ರಿ: ಒಬ್ಬ ಮನುಷ್ಯ, ಒಂದು ಪ್ಲಗ್ ಪಾಯಿಂಟ್. ಟೂಲ್ ಸಣ್ಣದಾಯ್ತು, ಅಂಗಡಿ ಸಣ್ಣದಾಯ್ತು, ಕಾನೂನು ತಲೆ ಎಣಿಸಿ ಮುಂದೆ ಹೋಯ್ತು. ದೊಡ್ಡ ಮಿಲ್ಲಿನ ಗೇಟಿನೊಳಗೆ ಇನ್‌ಸ್ಪೆಕ್ಟರ್ ಬರಬಹುದು. ಮೂವರು ಇರೋ ಶೆಡ್ಡಿಗೆ, ಹೊಸ ಮನೆಯ ಅಡುಗೆ ಕಟ್ಟೆ ಕೊರೆಯೋವನಿಗೆ ಯಾರೂ ಬರೋದಿಲ್ಲ.

2023ರ ಸೆಪ್ಟೆಂಬರ್ 17ಕ್ಕೆ ಕೇಂದ್ರ ಸರ್ಕಾರ ಪಿಎಂ ವಿಶ್ವಕರ್ಮ ಯೋಜನೆ ಶುರು ಮಾಡಿತು. 18 ಕಸುಬಿನವರಿಗೆ ತರಬೇತಿ, ಸಾಲ, ಟೂಲ್ ಕೊಳ್ಳೋಕೆ 15,000 ರೂಪಾಯಿ ತನಕ. ಕಲ್ಲು ಕೆತ್ತೋರು, ಕಲ್ಲು ಒಡೆಯೋರು, ಗೌಂಡಿ, ಬಡಗಿ, ಕಮ್ಮಾರ ಎಲ್ಲ ಆ ಪಟ್ಟಿಯಲ್ಲಿದ್ದಾರೆ. ಒಳ್ಳೇದೇ. ಆದ್ರೆ ಫರಶಿ ಪಾಲಿಶ್ ಮಾಡೋವನು ಅನ್ನೋ ಹೆಸರು ಅದರಾಗ ಇಲ್ಲ. ರಾಜಸ್ಥಾನ 2019ರಲ್ಲಿ ಧೂಳಿನ ರೋಗಗಳಿಗೇ ಒಂದು ನೀತಿ ತಂದಿತು. ರೋಗ ಅಂತ ಪ್ರಮಾಣಪತ್ರ ಸಿಕ್ಕರೆ 3 ಲಕ್ಷ, ಸತ್ತರೆ ಮನೆಯವರಿಗೆ 2 ಲಕ್ಷ. ಅದೂ ಕಲ್ಲಿನ ನಾಡು, ನಾವೂ ಕಲ್ಲಿನ ನಾಡು. ಅಲ್ಲಿ ಆದದ್ದು ಇಲ್ಲಿ ಯಾಕೆ ಆಗಬಾರದು ಅಂತ ನಮ್ಮ ಶಾಸಕರನ್ನ ಕೇಳೋಕೆ ರೊಕ್ಕ ಬೇಕಾಗಿಲ್ಲ.

ಅಲ್ಲಿತನಕ ನಾವು ಮಾಡಬಹುದಾದ್ದು ಅದ. ಮನೆಯಲ್ಲಿ ಕಲ್ಲಿನ ಕೆಲಸ ಇದ್ದರೆ ಒಣ ಕಲ್ಲು ಕೊರೆಸಬ್ಯಾಡ್ರಿ. ನೀರು ಬಿಡೋ ಕಟರ್ ಕೇಳ್ರಿ. ನೀರು ಬಿದ್ದರೆ ಹೆಚ್ಚಿನ ಧೂಳು ಕೆಸರಾಗಿ ಕೆಳಗೆ ಕೂಡ್ತದ. ನೀರು, ಕರೆಂಟ್ ಒಂದೇ ಕಡೆ ಬಂದರೆ ಆರ್‌ಸಿಸಿಬಿ ಇರೋ ಬೋರ್ಡ್‌ನಿಂದಲೇ ವೈರ್ ಎಳೀರಿ. ಟವೆಲ್ ಮುಖಕ್ಕೆ ಕಟ್ಟಿದರೆ ಸಣ್ಣ ಕಣ ನಿಲ್ಲೋದಿಲ್ಲ, ಎನ್95 ಮಾಸ್ಕ್ ಬೇಕು. ಕನ್ನಡಕಕ್ಕೆ, ಮಾಸ್ಕಿಗೆ ಆಗೋ ಖರ್ಚನ್ನ ಕೂಲಿ ಮಾತಾಡೋವಾಗ್ಲೇ ಸೇರಿಸಿ ಕೊಡ್ರಿ. ಅದು ದಾನ ಅಲ್ರಿ, ಆ ಕೆಲಸದ ನಿಜವಾದ ರೇಟು.

ಯಾವ ಟೂಲ್ ಇಟ್ಕೋತೀ ಅಂತ ನನ್ನನ್ನ ಕೇಳಿದರೆ, ನಾನು ಗುನಿಯಾ ಅಂತೀನಿ. ಉಳಿದ ನಾಲ್ಕೂ ಟೂಲ್ ಕಲ್ಲನ್ನ ಬದಲಿಸ್ತಾವ. ಗುನಿಯಾ ಮಾತ್ರ ನಾವು ಮಾಡಿದ್ದು ನೆಟ್ಟಗದ ಇಲ್ಲ ಅಂತ ಕೇಳ್ತದ.

ನಿಮ್ಮ ಕಡೆ ಟೂಲ್‌ಗಳಿಗೆ ಏನೇನು ಹೆಸರು ಅದಾವ, ವಾಯ್ಸ್ ನೋಟ್ ಮಾಡಿ ಕಳಿಸ್ರಿ. ಪಾನಾ, ಪಕ್ಕಡ್, ಸಬ್ಬಲ್, ಥಾಪಿ ಯಾವುದಾದ್ರೂ ಸರಿ. ಮನೆಯ ಹಿರಿಯರ ದನಿಯಲ್ಲಿ ಬಂದರೆ ಇನ್ನೂ ಚಲೋ. ಮುಂದಿನ ವಾರ ಬೀಸುಕಲ್ಲಿನ ಕಥೆ. ಬರ್ತೀನ್ರಿ.